ನಮ್ಮ ಬೀದಿ ಮುಟ್ಟಬೇಡಿ

"ಕಂಟ್ರಾಕ್ಟರ್ ಕಡೆಯವ್ರು ಟೇಪು ಹಿಡ್ಕೊಂಡು ಬಂದು ನಿಮ್ಮನೆ ಮುಂದೆ ಅಳತೆ ತಗೊಂಡು ಹೋದ್ರು. ಅಂತೂ ನಿಮ್ಮಿಂದ ನಮ್ಗೂ ಒಂದು ರಸ್ತೆ ಆಗತ್ತೆ ಬಿಡಿ."

ಕಾಂಪೌಂಡಿನಾಚೆಯಿಂದ ನಿವೃತ್ತ ಹೆಡ್‌ಮಾಸ್ತರರು ಹೀಗೆಂದದ್ದೇ ತಡ, ರಸ್ತೆ ಎಂಜಿನಿಯರರ ಬಾಯಲ್ಲಿದ್ದ ಬ್ರಷ್ಷು ಅಲ್ಲೇ ನಿಂತಿತು. ಬೇರೆಯವರಿಗಾದರೆ ಇದು ಸಿಹಿಸುದ್ದಿ. ಇವರಿಗೆ ಸಾವಿನ ಸುದ್ದಿ. ಇವರಿಗಿಂತ ಮುಂಚೆ ಇಲಾಖೆಯಲ್ಲಿ ಇದೇ ಕುರ್ಚಿಯಲ್ಲಿದ್ದವರು ತಮ್ಮ ಗೇಟಿನ ತನಕ ಡಾಂಬರು ಹಾಕಿಸಿಕೊಂಡು ಸಸ್ಪೆಂಡಾಗಿ, ಈಗ ಭಾವಮೈದುನನ ಅಂಗಡಿಯಲ್ಲಿ ಪೈಪು ಮಾರುತ್ತಿದ್ದರು.

ಆ ಗತಿ ತಮಗೆ ಬರಬಾರದೆಂದೇ ಎಂಜಿನಿಯರರು ರಸ್ತೆ ನಿರ್ವಹಣೆಯ ಹೊಸ ಯೋಜನೆಯಲ್ಲಿ ತಮ್ಮ ಬೀದಿಯನ್ನು ಕಟ್ಟಕಡೆಗೆ ಹಾಕಿದ್ದರು. ಅದರಲ್ಲಿ ನ್ಯಾಯವೂ ಇತ್ತು. ಚೆನ್ನಾಗಿರುವ ರಸ್ತೆಯ ಬಿರುಕನ್ನು ಇಲಾಖೆಯ ಗ್ಯಾಂಗು ಅಗ್ಗದಲ್ಲೇ ಮುಚ್ಚಿಬಿಡುವುದು, ಗುಂಡಿ ಬಿದ್ದದ್ದನ್ನು ಖಾಸಗಿ ಕಂಟ್ರಾಕ್ಟರನಿಗೆ ಕೊಡುವುದು, ಪೂರ್ತಿ ಕೆಟ್ಟದ್ದು ಹೇಗೂ ಕೆಟ್ಟಿದೆ, ಕಾಯಲಿ. ಇವರ ಬೀದಿ ಪೂರ್ತಿ ಕೆಟ್ಟದ್ದು. ಅದು ಪಟ್ಟಿಯ ಕೊನೆಗೆ ಬಿದ್ದದ್ದು ಗೊತ್ತಾದಂದಿನಿಂದ ಅಕ್ಕಪಕ್ಕದವರು ಇವರನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. ಯೋಜನೆ ಪರಿಶೀಲಿಸಲು ಚೀಫ್ ಎಂಜಿನಿಯರ್ ಬರುವುದೂ ಇವತ್ತೇ.

ಬಾಯಿ ಮುಕ್ಕಳಿಸಿದವರೇ ಸ್ಕೂಟರ್ ಹತ್ತಿದರು. ಕಂಟ್ರಾಕ್ಟರ್ ಜಲ್ಲಿ ರಾಶಿಯ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ.

"ನಮ್ಮ ಬೀದಿ ಮುಟ್ಟಬೇಡಿ. ಕೈ ಮುಗೀತೀನಿ."

ಕಂಟ್ರಾಕ್ಟರ್ ಮುಗುಳ್ನಕ್ಕ. ಅಧಿಕಾರಿಗಳ ಜೊತೆ ಏಗಿ ಏಗಿ ತಲೆಗೂದಲು ಉದುರಿದ್ದ ಆತನಿಗೆ ಒಂದು ಪಾಠ ಕರಗತವಾಗಿತ್ತು. ಬೇಕಾದವರು ಯಾರೂ ಬಾಯಿಬಿಟ್ಟು ಬೇಕು ಎನ್ನುವುದಿಲ್ಲ, ಬೇಡ ಎನ್ನುತ್ತಾರೆ. ಆದರೆ ಬೇಡ ಎನ್ನಲು ಬೆಳ್ಳಂಬೆಳಿಗ್ಗೆ ಓಡಿ ಬಂದವರನ್ನು ಕಂಡದ್ದು ಇದೇ ಮೊದಲು. ಪಾಪ, ಬಹಳ ಅವಸರವಿರಬೇಕು ಎಂದುಕೊಂಡ.

"ಅರ್ಥ ಆಯ್ತು ಸರ್. ನೀವು ಹೇಳೇ ಇಲ್ಲ, ನಾನು ಕೇಳೇ ಇಲ್ಲ."

ಆ ನಗು ಕಂಡು ಎಂಜಿನಿಯರರ ಹೆದರಿಕೆ ಇಮ್ಮಡಿಯಾಯಿತು. ನೇರ ಇಲಾಖೆಯ ಮೇಸ್ತ್ರಿಯ ಬಳಿ ಹೋಗಿ, ಕಂಟ್ರಾಕ್ಟರನ ಗಾಡಿ ಬೀದಿಯೊಳಗೆ ಬಾರದಂತೆ ನಾಲ್ಕು ಆಳುಗಳನ್ನು ಕಾವಲಿಗೆ ಕಳಿಸೆಂದು ಬೇಡಿಕೊಂಡರು. ಮೇಸ್ತ್ರಿಯ ಮುಖ ಕೆಂಪಾಯಿತು.

"ನಾವೇನು ಸತ್ತೋಗಿದ್ವಾ ಸರ್? ನಮ್ಮ ಸಾಹೇಬರ ಮನೆ ಮುಂದೆ ಹೊರಗಿನೋನು ಡಾಂಬರು ಹಾಕೋದಾ? ನೀವು ಆಫೀಸಿಗೆ ಹೋಗಿ, ನಾನು ನೋಡ್ಕೋತೀನಿ."

ಎಂಜಿನಿಯರರು ಕೇಳಿಸಿಕೊಂಡದ್ದು ಕೊನೆಯ ಮಾತೊಂದನ್ನೇ. ಹೋದ ಜೀವ ಬಂದಂತಾಯಿತು.

ಚೀಫ್ ಎಂಜಿನಿಯರ್ ನಕ್ಕದ್ದನ್ನು ಇಲಾಖೆಯಲ್ಲಿ ಕಂಡವರಿರಲಿಲ್ಲ. ಆಫೀಸಿನಲ್ಲಿ ಅವರು ಯೋಜನೆಯ ಒಂದೊಂದೇ ಹಾಳೆ ಮಗುಚುತ್ತಿದ್ದರೆ ಎಂಜಿನಿಯರರ ಜೇಬಿನಲ್ಲಿ ಫೋನು ಬಿಡದೆ ನಡುಗುತ್ತಿತ್ತು. ಕೊನೆಗೆ ಮೇಜಿನ ಕೆಳಗೆ ಬಗ್ಗಿ ಕಿವಿಗಿಟ್ಟುಕೊಂಡರೆ ಹೆಂಡತಿ.

"ಏನ್ರೀ ಇದು? ಆ ಕಡೆಯಿಂದ ಒಂದು ರೋಲರು, ಈ ಕಡೆಯಿಂದ ಒಂದು ರೋಲರು. ಇಬ್ರೂ ಜಿದ್ದಿಗೆ ಬಿದ್ದಿದಾರೆ."

ಮೇಲೆದ್ದು ನೋಡಿದರೆ ಚೀಫ್ ಹೊರಡಲು ನಿಂತಿದ್ದರು. ಎಲ್ಲರೂ ಮೊದಲ ರಸ್ತೆಯನ್ನೇ ತೋರಿಸುತ್ತಾರೆ, ತಾನು ಕೊನೆಯದನ್ನು ನೋಡಬೇಕು ಎಂದರು.

ಜೀಪಿನಲ್ಲಿ ಎಂಜಿನಿಯರರ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತು. ಪೈಪು ಮಾರಿಯಾದರೂ ಬದುಕೋಣವೆಂದರೆ ಇವರಿಗೆ ಭಾವಮೈದುನನೂ ಇರಲಿಲ್ಲ.

ಬೀದಿ ಕಪ್ಪಗೆ ಮಿರಮಿರ ಮಿನುಗುತ್ತಿತ್ತು. ಕಂಟ್ರಾಕ್ಟರನ ಅರ್ಧವೂ ಮೇಸ್ತ್ರಿಯ ಅರ್ಧವೂ ಸರಿಯಾಗಿ ಎಂಜಿನಿಯರರ ಗೇಟಿನ ಮುಂದೆ ಕೂಡಿದ್ದವು. ಮುಖ ತಿರುಗಿಸುತ್ತಿದ್ದವರೆಲ್ಲ ಬೀದಿಗಿಳಿದು ನಗುತ್ತ ನಿಂತಿದ್ದರು. ಹೆಡ್‌ಮಾಸ್ತರರು ಮುಂದೆ ಬಂದು, ಇಂಥವರು ನಮ್ಮ ಬೀದಿಯಲ್ಲಿರುವುದು ನಮ್ಮ ಪುಣ್ಯ, ಇವರಿಂದಲೇ ಇದಾಯಿತು ಎಂದು ಚೀಫ್ ಮುಂದೆ ಹೊಗಳಿ ಇವರ ಗೋರಿ ತೋಡಿದರು.

ಚೀಫ್ ಬೂಟಿನಿಂದ ರಸ್ತೆಯನ್ನು ಒತ್ತಿ ನೋಡಿ, ಖರ್ಚೆಷ್ಟು ಎಂದು ಕೇಳಿದರು.

"ನಾನು ಬೇಡ ಅಂತ ಕೈ ಮುಗಿದೆ ಸರ್. ಇಬ್ರೂ ಕೇಳಲಿಲ್ಲ," ಎಂದರು ಎಂಜಿನಿಯರರು. ರೋಲರಿನ ಪಕ್ಕ ನಿಂತಿದ್ದ ಕಂಟ್ರಾಕ್ಟರ್ ಬಿಲ್ಲಿನ ಮಾತೇ ಇಲ್ಲವೆಂದ. ಮೇಸ್ತ್ರಿ, ಉಳಿದು ಬಿದ್ದಿದ್ದ ಸಾಮಾನು ಎಂದ.

ಚೀಫ್ ಎಂಜಿನಿಯರ್ ನಕ್ಕರು.

"ಮತ್ತೆ ಅಷ್ಟು ದಪ್ಪ ಯೋಜನೆ ಯಾಕ್ರೀ ಬರೆದ್ರಿ? ನೀವಿರೋ ಬೀದಿಗೆ ರಸ್ತೆ ತಾನಾಗೇ ಆಗತ್ತೆ. ಇದಕ್ಕಿಂತ ಅಗ್ಗ ಯಾವುದಿದೆ? ಬರೋ ತಿಂಗಳು ಚರ್ಮದ ಗೋದಾಮಿನ ಹಿಂದಿನ ಬೀದಿಗೆ ಮನೆ ಬದಲಾಯಿಸಿ. ಅದು ಆದ್ಮೇಲೆ ಮುಂದಿನದು. ಇವತ್ತೇ ಆರ್ಡರ್ ಕಳಿಸ್ತೀನಿ."

ಜೀಪು ಹೊಸ ರಸ್ತೆಯ ಮೇಲೆ ಸದ್ದಿಲ್ಲದೆ ಹೋಯಿತು. ಗೇಟಿನಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ರೀ, ನಿಮ್ಮ ಯೋಜನೇಲಿ ಕೆಟ್ಟ ಬೀದಿ ಒಟ್ಟು ಎಷ್ಟಿವೆ?"

ಎಂಜಿನಿಯರರಿಗೆ ಲೆಕ್ಕ ಬಾಯಿಪಾಠವಿತ್ತು. ಇಡೀ ದಿನದಲ್ಲಿ ಅವರಿಗೆ ನಿಜವಾಗಿ ಹೆದರಿಕೆಯಾದದ್ದು ಆಗಲೇ.