ಕಪ್ಪೆಂದರೆ ಹೀಗಿರಬೇಕು

ಪ್ರೊಜೆಕ್ಟರ್ ಅಂಗಡಿಯವನು ಆ ಒಂದು ಮಾತು ಆಡದೆ ಇದ್ದಿದ್ದರೆ ಫಜೀತಿಯೇ ಇರುತ್ತಿರಲಿಲ್ಲ. "ಮೂರು ತರದ್ದೂ ಮನೆಗೆ ತಗೊಂಡು ಹೋಗಿ ಸಾರ್. ಸಂಜೆ ಐದರೊಳಗೆ ಎರಡು ವಾಪಸ್ ಕೊಡಿ, ಒಂದು ಇಟ್ಕೊಳ್ಳಿ. ಇಟ್ಕೊಂಡಿದ್ದನ್ನ ಮಾತ್ರ ಆಮೇಲೆ ತಗೊಳ್ಳಲ್ಲ" ಎಂದುಬಿಟ್ಟ. ಅದೂ ಯಾರಿಗೆ ಹೇಳಿದ್ದು? ಕನ್ನಡಕದಂಗಡಿಯವನಿಗೆ! ಇಪ್ಪತ್ತು ವರ್ಷದಿಂದ ಜನರ ಮೂಗಿನ ಮೇಲೆ ಗಾಜು ಬದಲಾಯಿಸುತ್ತ, "ಇದು ಚೆನ್ನಾಗಿದೆಯಾ, ಅದು ಚೆನ್ನಾಗಿದೆಯಾ?" ಎಂದು ಕೇಳಿಯೇ ಬದುಕಿದ ಮನುಷ್ಯ. ತರಕಾರಿ ಕೊಳ್ಳುವಾಗಲೂ ಎರಡು ಬದನೆಕಾಯಿ ಎತ್ತಿಹಿಡಿದು ಹೆಂಡತಿಯ ಒಂದು ಕಣ್ಣು ಮುಚ್ಚಿಸುವ ಆಸಾಮಿ.

ಅವತ್ತು ಅವನ ಅಕ್ಕನ ಕೆಲಸದ ಕೊನೆಯ ದಿನ. ಮೂವತ್ತೈದು ವರ್ಷ ಸಿನಿಮಾ ಮಂದಿರದಲ್ಲಿ ಟಾರ್ಚ್ ಹಿಡಿದು ಸೀಟು ತೋರಿಸಿದವಳು ಅವಳು. ಅಪ್ಪ ಅಮ್ಮ ಇಲ್ಲದ ತಮ್ಮನನ್ನು ಆ ಸಂಬಳದಲ್ಲೇ ಸಾಕಿ, ಓದಿಸಿ, ಅಂಗಡಿ ಹಾಕಿಸಿ, ಮದುವೆ ಮಾಡಿಸಿದಳು. ಅಷ್ಟೊಂದು ಸಿನಿಮಾ ಓಡಿದರೂ ಒಂದನ್ನೂ ಕುರ್ಚಿಯಲ್ಲಿ ಕೂತು ನೋಡಲಿಲ್ಲ. ಗೋಡೆಗೆ ಒರಗಿ ನಿಂತೇ ಕಾಲ ಕಳೆದಳು.

"ಅಕ್ಕನ ಋಣ ಏಳು ಜನ್ಮಕ್ಕೂ ತೀರಲ್ಲ, ಬಿಡು" ಎಂದ ಹೆಂಡತಿಗೆ. "ಆದ್ರೆ ಇವತ್ತು ಸಂಜೆ ಆರಕ್ಕೆ ಅವಳು ಮನೆಗೆ ಬಂದಾಗ, ಒಂದೇ ಒಂದು ಸಿನಿಮಾನಾದ್ರೂ ಮೊದಲಿಂದ ಕೊನೇವರೆಗೆ ಮಹಾರಾಣಿ ಹಾಗೆ ಕೂತು ನೋಡ್ಬೇಕು."

ಅವನ ಹೆಂಡತಿಗೂ ಅತ್ತಿಗೆಯೆಂದರೆ ಪ್ರಾಣ. ಕಣ್ಣೊರೆಸಿಕೊಂಡು, "ಅದಕ್ಕೆ ಮೂರು ಮಿಷನ್ ಯಾಕ್ರೀ?" ಎಂದಳು.

"ಹೋಲಿಸಿ ನೋಡದೆ ಹೇಗೆ ಹೇಳೋದು?"

ಹೋಲಿಸಿ ನೋಡಲು ಇನ್ನಷ್ಟು ಕಣ್ಣು ಬೇಕಲ್ಲ, ಅವು ಕರೆಯದೆಯೇ ಬಂದವು. ಮಹಡಿ ಮೇಲಿನ ಮನೆಯ ಡ್ರಾಯಿಂಗ್ ಮೇಷ್ಟ್ರು ಬಂದರು. ಪಕ್ಕದ ಮನೆಯ ಟೈಲರಮ್ಮ ಕೊರಳಲ್ಲಿ ಅಳತೆ ಪಟ್ಟಿ ಸಮೇತ ಬಂದು, ಒಳ್ಳೆಯ ಕುರ್ಚಿ ನೋಡಿ ಕೂತರು.

ಮೊದಲನೆಯದು ಎಲ್‌ಸಿಡಿ. ಗೋಡೆಗೆ ಬಿಳಿ ಪರದೆ ಕಟ್ಟಿ ಹಚ್ಚಿದರೆ, ಕಿಟಕಿಯಿಂದ ಬಿಸಿಲು ನುಗ್ಗುತ್ತಿದ್ದರೂ ಚಿತ್ರ ಜಗ್ಗಲಿಲ್ಲ. ಕೋಣೆಯ ಮೂಲೆಮೂಲೆಗೂ ಬೆಳಕು ಚೆಲ್ಲಿತು.

"ಆಹಾ! ಬಣ್ಣ ಅಂದ್ರೆ ಇದಪ್ಪಾ!" ಎಂದು ಮೇಷ್ಟ್ರು ಎದ್ದು ನಿಂತರು.

"ಬಣ್ಣ ಇರ್ಲಿ, ಪರದೆ ಮೇಲೆ ಆ ಯಪ್ಪ ಹಾಕಿರೋ ಕೋಟು ಯಾವ ಬಣ್ಣ?" ಎಂದರು ಟೈಲರಮ್ಮ.

"ಕಪ್ಪು."

"ಅದು ಕಪ್ಪಾ? ಹತ್ತು ಸಲ ಒಗೆದ ಕಪ್ಪು. ನನ್ನ ಹತ್ರ ತಂದಿದ್ರೆ ಬೂದಿ ದಾರದಲ್ಲಿ ಹೊಲಿದು ಕೊಡ್ತಿದ್ದೆ."

ಕನ್ನಡಕದವನು ಒಂದು ಕಣ್ಣು ಮುಚ್ಚಿ ನೋಡಿದ, ಇನ್ನೊಂದು ಮುಚ್ಚಿ ನೋಡಿದ. ನಿಜ, ಕಪ್ಪಿರಬೇಕಾದ ಕಡೆಯೆಲ್ಲ ಬೆಳಕು ಸೋರುತ್ತಿತ್ತು. ಅಕ್ಕನಿಗೆ ಒಗೆದ ಕಪ್ಪು ತೋರಿಸುವುದೇ? ಸಾಧ್ಯವಿಲ್ಲ.

ಎರಡನೆಯದು ಡಿಎಲ್‌ಪಿ. ಅದರ ಹೊಟ್ಟೆಯಲ್ಲಿ ಬಣ್ಣದ ಚಕ್ರವೊಂದು ಗಿರಗಿರ ತಿರುಗುತ್ತದಂತೆ. ಚಿತ್ರವೇನೋ ಸೀಸದ ಕಡ್ಡಿಯಲ್ಲಿ ಗೀಟು ಎಳೆದಷ್ಟು ಚೂಪು. ಟೈಲರಮ್ಮ ತಲೆದೂಗುವಷ್ಟರಲ್ಲಿ ಮೇಷ್ಟ್ರು ಕಿಟಾರನೆ ಕಿರುಚಿಕೊಂಡರು.

"ಅಯ್ಯೋ, ಕಾಮನಬಿಲ್ಲು! ಆ ಟೋಪಿಯಿಂದ ಕೆಂಪು, ಹಸಿರು, ನೀಲಿ ಹಾರ್ತಾ ಇದೆ!"

"ನನಗೇನೂ ಕಾಣ್ತಿಲ್ಲವಲ್ಲ" ಎಂದರು ಟೈಲರಮ್ಮ. "ಮೇಷ್ಟ್ರೇ, ಬೆಳಗ್ಗೆ ಏನಾದ್ರೂ ತಿಂದ್ರಾ?"

ಕನ್ನಡಕದವನು ತಕ್ಷಣ ಅಕ್ಷರದ ಹಲಗೆ ತಂದು ಮೇಷ್ಟ್ರ ಕಣ್ಣು ಪರೀಕ್ಷೆ ಮಾಡಿದ. ಕೊನೆಯ ಸಾಲಿನವರೆಗೂ ಗಡಗಡ ಓದಿದರು. "ಕಣ್ಣು ಸರಿಯಾಗಿದೆ" ಎಂದು ತೀರ್ಪು ಕೊಟ್ಟ. "ಹಾಗಾದ್ರೆ ಕೆಟ್ಟಿರೋದು ಅದಕ್ಕಿಂತ ಮೇಲೆ" ಎಂದರು ಟೈಲರಮ್ಮ.

ಅಂಗಡಿಗೆ ಫೋನ್ ಮಾಡಿದರೆ, "ಕೆಲವರ ಕಣ್ಣಿಗೆ ಹಾಗೆ ಕಾಣುತ್ತೆ ಸಾರ್, ಎಲ್ಲರಿಗೂ ಅಲ್ಲ" ಎಂಬ ಉತ್ತರ ಬಂತು. ಅಕ್ಕ ಆ ಕೆಲವರಲ್ಲಿ ಒಬ್ಬಳಾಗಿದ್ದರೆ ಗತಿಯೇನು? ಅದೂ ಹೋಯಿತು.

"ಅತ್ತಿಗೆಗೇ ಒಂದು ಫೋನ್ ಮಾಡಿ, ಎಂಥದ್ದು ಬೇಕು ಅಂತ ಕೇಳಿಬಿಡಿ ಅತ್ಲಾಗೆ" ಎಂದಳು ಹೆಂಡತಿ.

"ಛೆ ಛೆ! ಹೇಳಿ ಕೊಟ್ರೆ ಅದೇನು ಉಡುಗೊರೆ?" ಎಂದ. ಬೀದಿಯವರನ್ನೆಲ್ಲ ಕೇಳಿ ಮುಗಿಸಿದ್ದ, ಅಕ್ಕನೊಬ್ಬಳನ್ನು ಬಿಟ್ಟು.

ಮೂರನೆಯದನ್ನು ಅಂಗಡಿಯವನು ಎಲ್‌ಕಾಸ್ ಎಂದಿದ್ದ. ಸಿಮೆಂಟ್ ಮೂಟೆಯಷ್ಟು ಭಾರ. ಹಚ್ಚಿದರೆ ಬಿಸಿಲಿನಲ್ಲಿ ಏನೂ ಕಾಣದು. ಟೈಲರಮ್ಮ ಬಿಡುವರೇ? ಮನೆಗೆ ಓಡಿ ಒಂದು ಥಾನು ಕರಿ ಬಟ್ಟೆ ತಂದು ಕಿಟಕಿಗೆ ಹೊದಿಸಿದರು, ಬಾಗಿಲಿನ ಸಂದಿಗೆ ತುರುಕಿದರು, ಕೊನೆಗೆ ಗೋಡೆ ಗಡಿಯಾರದ ಹೊಳೆಯುವ ಮುಳ್ಳಿಗೂ ಮುಸುಕು ಹಾಕಿದರು. ಆಗ ಮೂಡಿತು ನೋಡಿ ಪರದೆಯ ಮೇಲೆ ಕೋಟು!

"ಕಪ್ಪೆಂದರೆ ಹೀಗಿರಬೇಕು!" ಟೈಲರಮ್ಮನ ದನಿ ಗದ್ಗದವಾಯಿತು. "ಕತ್ತರಿಸಿ ಹೊಲೀಬಹುದು ಇದನ್ನ."

"ಬಣ್ಣ ಸ್ವಲ್ಪ ಮಂಕು..." ಎಂದರು ಮೇಷ್ಟ್ರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಪಾಪ, ಆ ಮನುಷ್ಯ ಬೇಸರ ಮಾಡಿಕೊಳ್ಳದೆ, "ಮಿಕ್ಕಿದ್ದೆರಡನ್ನೂ ನಾನೇ ಅಂಗಡಿಗೆ ಸಾಗಿಸ್ತೀನಿ, ನೀವು ತಯಾರಿ ನೋಡ್ಕೊಳ್ಳಿ" ಎಂದು ಹೊತ್ತುಕೊಂಡು ಹೊರಟರು. ಇಂಥ ನೆರೆಹೊರೆ ಸಿಗಲು ಪುಣ್ಯ ಮಾಡಿರಬೇಕು ಎಂದು ಕನ್ನಡಕದವನು ಕೈ ಮುಗಿದ.

ಹಿಂದಿನ ಗೋಡೆಯ ಎತ್ತರದ ಹಲಗೆಯ ಮೇಲೆ ಯಂತ್ರವನ್ನು, ಮೇಷ್ಟ್ರು ವಾಪಸ್ ಬಂದ ಮೇಲೆ, ಎಲ್ಲರೂ ಸೇರಿ ಏರಿಸಿದರು. ಆರಕ್ಕೆ ಐದು ನಿಮಿಷವಿರುವಾಗ ಹಲಗೆಯ ಒಂದು ಮೊಳೆ ಕಿರ್ರೆಂದು ಹೊರಬಂತು. ಕನ್ನಡಕದವನು ಸ್ಟೂಲ್ ಹತ್ತಿ ಹೆಗಲು ಕೊಟ್ಟ. ಆಶ್ಚರ್ಯವೆಂದರೆ ಚಿತ್ರ ಸೊಟ್ಟಗಿದ್ದದ್ದು ಆಗಲೇ ನೆಟ್ಟಗಾಯಿತು.

"ಇಳಿಸಿಬಿಡೋಣ ರೀ" ಎಂದಳು ಹೆಂಡತಿ. ಅಷ್ಟರಲ್ಲಿ ಗೇಟಿನ ಸದ್ದಾಯಿತು. "ಇರ್ಲಿ, ಎರಡು ಗಂಟೆ ತಾನೆ? ಅಕ್ಕ ನನ್ನನ್ನ ಇಪ್ಪತ್ತು ವರ್ಷ ಹೊತ್ತಿದ್ದಾಳೆ" ಎಂದ.

ಅಕ್ಕ ಒಳಗೆ ಬಂದು ಪರದೆ, ಯಂತ್ರ, ನಡುವೆ ದಿಂಬು ಹಾಕಿಟ್ಟ ಕುರ್ಚಿ, ಹಿಂದೆ ಹಲಗೆ ಹೊತ್ತ ತಮ್ಮ ಎಲ್ಲವನ್ನೂ ನೋಡಿದಳು. "ನನಗೋಸ್ಕರ ಇಷ್ಟೆಲ್ಲ ಮಾಡಿದ್ಯೇನೋ, ಹುಚ್ಚಪ್ಪಾ!" ಎಂದು ಅತ್ತೇಬಿಟ್ಟಳು. ಟೈಲರಮ್ಮನೂ ಅತ್ತರು. ಸ್ಟೂಲಿನ ಮೇಲಿದ್ದವನಿಗೆ ಕಣ್ಣೊರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ದೀಪ ಆರಿತು. ಚಿತ್ರ ಶುರುವಾಯಿತು. ಅಕ್ಕ ಎದ್ದು ಕುರ್ಚಿಯನ್ನು ಎಳೆದು, ಪರದೆಗೆ ಬೆನ್ನು ಹಾಕಿ ಕೂತಳು.

"ಅಕ್ಕಾ, ಪರದೆ ಆ ಕಡೆ!"

"ಗೊತ್ತು ಕಣೋ. ನಾನು ಯಾವತ್ತು ಸಿನಿಮಾ ನೋಡ್ದೆ? ನೋಡೋರನ್ನ ನೋಡ್ತಿದ್ದೆ. ನಗೋ ಜಾಗ ಬಂದಾಗ ಮುನ್ನೂರು ಮುಖ ಒಟ್ಟಿಗೆ ಅರಳುತ್ತಲ್ಲ, ಅದರ ಮುಂದೆ ಇನ್ನೇನಿದೆ? ನೀನು ಚಿಕ್ಕವನಿದ್ದಾಗ ಮೊದಲನೇ ಸಾಲಲ್ಲಿ ಬಾಯಿ ಬಿಟ್ಕೊಂಡು ಕೂತಿರ್ತಿದ್ದೆ. ನಿನ್ನ ಮುಖ ನೋಡಿದ್ರೆ ನನ್ನ ಕಾಲುನೋವು ಎಲ್ಲಿ ಹೋಗ್ತಿತ್ತೋ! ದೇವರು ಒಳ್ಳೆ ಕೆಲಸ ಕೊಟ್ಟಿದ್ದ ನನಗೆ." ಅಕ್ಕ ಕತ್ತಲಲ್ಲಿ ಕಣ್ಣು ಕಿರಿದು ಮಾಡಿ ಹುಡುಕಿದಳು. "ಆದ್ರೆ ಇಲ್ಲಿ ಒಬ್ಬರ ಮುಖಾನೂ ಕಾಣ್ತಿಲ್ಲವಲ್ಲೋ. ಬಾವಿಗೆ ಇಣುಕಿದ ಹಾಗಿದೆ."

"ಬೆಳಗ್ಗೆ ಮೊದಲು ಹಚ್ಚಿದ್ರಲ್ಲ, ಆ ಮಿಷನ್ನಲ್ಲಿ ಎಲ್ಲರ ಮುಖಾನೂ ಫಳಫಳ ಅಂತಿತ್ತು" ಎಂದಳು ಹೆಂಡತಿ ಮೆಲ್ಲಗೆ.

ಅಪ್ಪಟ ಕಪ್ಪಿನೊಳಗಿನಿಂದ ಯಾರೋ ಕೆಮ್ಮಿದರು. ಮೇಷ್ಟ್ರು! "ಅದು... ನಮ್ಮನೇಲೇ ಇದೆ. ಕಾಮನಬಿಲ್ಲಿಂದು ಮಾತ್ರ ವಾಪಸ್ ಕೊಟ್ಟೆ. ಮೊದಲನೇದನ್ನ ಕೊಡೋಕೆ ಮನಸ್ಸು ಬರ್ಲಿಲ್ಲ, ನಾನೇ ಕೊಂಡ್ಕೊಂಡೆ. ಬನ್ನಿ, ಮೇಲೇ ನೋಡೋಣ."

ಕುರ್ಚಿಗಳು ಎದ್ದವು. ಅಕ್ಕನ ದಿಂಬು ಎದ್ದಿತು. ಬಾಗಿಲ ಸಂದಿಯ ಬಟ್ಟೆ ಕಿತ್ತು ಎಲ್ಲರೂ ಮಹಡಿಗೆ ಹೊರಟರು.

"ಲೇ, ನನ್ನ ಹೆಗಲು!" ಎಂದ ಕನ್ನಡಕದವನು.

"ಎರಡೇ ನಿಮಿಷ ರೀ, ಅತ್ತಿಗೇನ ಕೂರಿಸಿ ಬಂದುಬಿಟ್ಟೆ" ಎಂದು ಹೆಂಡತಿಯೂ ಹೋದಳು.

ಎರಡು ನಿಮಿಷ ಹತ್ತಾಯಿತು, ಹತ್ತು ಇಪ್ಪತ್ತಾಯಿತು. ತಲೆಯ ಮೇಲೆ ನಗೆಯ ಮೇಲೆ ನಗೆ ಗುಡುಗುತ್ತಿತ್ತು. ಅದರ ನಡುವೆ ಅಕ್ಕನ ನಗು ಕೇಳಿ ಅವನಿಗೂ ನಗು ಬಂತು. ಹಲಗೆ ಅಲುಗಿತು, ತಟ್ಟನೆ ಬಾಯಿ ಮುಚ್ಚಿಕೊಂಡ.

ಅಷ್ಟರಲ್ಲಿ ಮೆಟ್ಟಿಲ ತುದಿಯಿಂದ ಅಕ್ಕ ಕೂಗಿದಳು: "ಎಲ್ಲರ ಮುಖಾನೂ ಎಷ್ಟು ಚೆನ್ನಾಗಿ ಕಾಣ್ತಿದೆ ಗೊತ್ತೇನೋ! ನೂರು ವರ್ಷ ಬಾಳು, ನನ್ನಪ್ಪ! ನಿನ್ನದೊಂದು ಮುಖ ಕಡಿಮೆ ಇದೆ ನೋಡು, ಬೇಗ ಬಾ!"

"ಬಂದೆ ಅಕ್ಕಾ!" ಎಂದು ಕೂಗಿದ ಕನ್ನಡಕದವನು, ಹೆಗಲು ಅಲುಗಿಸದೆ.