ಸುಂದರವ್ವನ ಮೇನ್ ಸ್ವಿಚ್ಚಿನ ಉದ್ಘಾಟನೆ

ಕರಿಬಂಟನಾಳ ಗ್ರಾಮದಲ್ಲಿ ವಿದ್ಯುತ್ ಉಳಿತಾಯವು ಮಾರ್ಚ್ ಒಂದನೇ ತಾರೀಖಿನ ಸೋಮವಾರ, ಗಣ್ಯರ ಸಮಕ್ಷಮದಲ್ಲಿ, ಸುಂದರವ್ವನ ಪಡಸಾಲೆಯ ಗೋಡೆಯ ಮೇಲೆ ಅಧಿಕೃತವಾಗಿ ಪ್ರಾರಂಭವಾಯಿತು. ಅದಕ್ಕೂ ಮೊದಲು ನಮ್ಮೂರಿನಲ್ಲಿ ಯಾರಾದರೂ ವಿದ್ಯುತ್ ಉಳಿಸಿದ್ದರೆ ಅದು ಅನಧಿಕೃತ. ಈ ಮಾತನ್ನು ಹೊಣೆಗಾರಿಕೆಯಿಂದ ಹೇಳುತ್ತಿದ್ದೇನೆ, ಯಾಕಂದರೆ ಅಂದಿನ ಕಾರ್ಯಕ್ರಮದ ನಿರೂಪಣೆ ಮಾಡಿದವನು ನಾನೇ, ನಿವೃತ್ತ ಮುಖ್ಯಾಧ್ಯಾಪಕ ಬಸಂತರಾಯ. ಇಂಡಿಯಿಂದ ಹೊರ್ತಿಯ ತನಕ ಯಾವ ಶಾಮಿಯಾನದ ಕೆಳಗೆ ಮೈಕ್ ಕಿರುಗುಟ್ಟಿದರೂ ಅದರ ಹಿಂದೆ ನಾನು ನಿಂತಿದ್ದೇನೆ ಎಂದೇ ತಿಳಿಯಿರಿ.

ಅನಧಿಕೃತ ಉಳಿತಾಯಕ್ಕೆ ಉದಾಹರಣೆ ಬೇಕಾದರೆ ಸುಂದರವ್ವನ ಅತ್ತೆ ಸಿದ್ದವ್ವಜ್ಜಿ ಇದ್ದಾಳೆ. ಲೈಟು ಆರಿಸದೆ ಕೋಣೆ ಬಿಟ್ಟು ಹೊರಗೆ ಬಂದದ್ದು ಆಕೆಯ ಜನ್ಮದಲ್ಲಿ ಇಲ್ಲ. ಬೇರೆ ಯಾರಾದರೂ ಮರೆತರೆ, "ಏನ, ಸೂರ್ಯಾಗ ದೀಪಾ ತೋರ್ಸಾಕತ್ತೀರೇನ? ನಿಮ್ಮಪ್ಪನ ಗಂಟೇನ ಅದು?" ಎಂದು ಒದರುತ್ತಾಳೆ. ಸ್ವಾಗತ ಇಲ್ಲ, ವಂದನಾರ್ಪಣೆ ಇಲ್ಲ, ಪಟ್ಟಂತ ಆರಿಸಿಬಿಡುವುದು! ಇಂಥದ್ದನ್ನೆಲ್ಲ ಯಾವ ಇಲಾಖೆಯೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಆ ತಿಂಗಳು ಮೇಲಿನಿಂದ ಎರಡು ಯೋಜನೆ ಒಟ್ಟಿಗೇ ಇಳಿದು ಬಂದಿದ್ದವು. ಒಂದು, ಪಂಚಾಯತಿ ಕಚೇರಿಯಿಂದ ಇಡೀ ಊರಿಗೆ ವೈಫೈ. ಇನ್ನೊಂದು, 'ಆರಿಸು' ಎಂಬ ಗೃಹ ವಿದ್ಯುತ್ ಉಳಿತಾಯ ಅಭಿಯಾನ. ಎರಡಕ್ಕೂ ಸಂಚಾಲಕರು ಒಬ್ಬರೇ, ಶ್ರೀ ಅನೀಲಕುಮಾರ ಸಾಹೇಬರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ, ನಾಲ್ಕೂ ತಾಲೂಕು ಅವರ ಕೊರಳಿಗೇ ಬಿದ್ದಿದ್ದವು. ಹೀಗಾಗಿ ಒಂದೇ ಶಾಮಿಯಾನ, ಒಂದೇ ಹಾರ, ಒಂದೇ ಬೋಗುಣಿ ಉಪ್ಪಿಟ್ಟಿನಲ್ಲಿ ಎರಡನ್ನೂ ಮುಗಿಸುವುದೆಂದು ನಮ್ಮ ಪಂಚಾಯತಿಯ ಪಿಡಿಓ ಕಲ್ಮೇಶ ನಿರ್ಧರಿಸಿದ. ಕಲ್ಮೇಶ ನನ್ನ ವಿದ್ಯಾರ್ಥಿ. ಹುಡುಗ ಶಾಣ್ಯಾ.

ಅಭಿಯಾನದ ನಿಯಮದಂತೆ ಪ್ರತಿ ಊರಿಗೆ ಒಂದು ಮಾದರಿ ಮನೆ. ಆ ಮನೆಯ ಮೀಟರೇ ಊರಿನ ಮೀಟರು. ಸುಂದರವ್ವನ ಮನೆ ಪಂಚಾಯತಿಗೆ ಅಂಟಿಕೊಂಡೇ ಇದೆ, ಸಾಹೇಬರ ಕಾರು ಬಾಗಿಲತನಕ ಬರುತ್ತದೆ. ಮೇಲಾಗಿ ಮುಂದಿನ ಕೋಣೆಯಲ್ಲಿ ಆಕೆಯ ಹಿಟ್ಟಿನ ಗಿರಣಿ ಇರುವುದರಿಂದ ಊರಿನಲ್ಲೇ ಹೆಚ್ಚು ಕರೆಂಟು ಉರಿಯುವುದು ಅಲ್ಲಿ. ಉಳಿಸುವುದಾದರೆ ಇದ್ದಲ್ಲೇ ಉಳಿಸಬೇಕಲ್ಲ? ಗಂಡ ತೀರಿಕೊಂಡ ಮೇಲೆ ಆಕೆಗೆ ಆ ಗಿರಣಿಯೇ ಗತಿ. ಅತ್ತೆಯ ಗುಳಿಗೆ, ಮಗಳ ಕಾಲೇಜು, ಮನೆಯ ಒಲೆ, ಎಲ್ಲವೂ ಅದರ ಪಟ್ಟಾದ ಮೇಲೆ ತಿರುಗುತ್ತಿದ್ದವು.

"ಒಂದ್ ನಿಮಿಷದ ಕೆಲಸರಿ ಅಕ್ಕಾರ," ಎಂದ ಕಲ್ಮೇಶ. "ಸಾಹೇಬ್ರು ಮೇನ್ ಸ್ವಿಚ್ಚಿನ ಹ್ಯಾಂಡಲ್ ಕೆಳಗ ಮಾಡ್ತಾರ, ಫೋಟೋ ತಗೀತೀವಿ, ಮುಗೀತು."

"ಆಮ್ಯಾಲ ಮ್ಯಾಲ ಮಾಡಾಕ ಬರ್ತೈತಲ್ಲ ತಮ್ಮಾ?"

"ಬರಲಾರದ ಏನ್ರಿ!"

ಸಾಹೇಬರು ಮೊದಲು ಕಚೇರಿಯಲ್ಲಿ ವೈಫೈ ಡಬ್ಬಿಯ ಗುಂಡಿ ಒತ್ತಿದರು. ನಮ್ಮೂರು ತಗ್ಗಿನಲ್ಲಿದೆ. ಫೋನಿಗೆ ರೇಂಜು ಬೇಕೆಂದರೆ ಹೊರ್ತಿ ರಸ್ತೆಯ ದಿನ್ನೆ ಹತ್ತಿ ನಿಲ್ಲಬೇಕು. ಇಂಥ ಊರಿನಲ್ಲಿ ಹಸಿರು ದೀಪ ಮಿಣುಕಿದ್ದೇ ತಡ, ಹೊಸ್ತಿಲು ದಾಟದ ಫೋನುಗಳಿಗೆಲ್ಲ ಜೀವ ಬಂತು. ಎಂದೋ ಹೊರಟಿದ್ದ ಸಂಕ್ರಾಂತಿ ಶುಭಾಶಯಗಳು ಎಳ್ಳು ಬೆಲ್ಲದ ಚಿತ್ರ ಸಮೇತ ದಬದಬ ಬಂದು ಬಿದ್ದವು. ಹೆಂಗಸರು ಒಬ್ಬರಿಗೊಬ್ಬರು ತೋರಿಸಿಕೊಂಡು ನಕ್ಕರು. ನಾನು ಮೈಕಿನಲ್ಲಿ, "ಜಗತ್ತೇ ಕರಿಬಂಟನಾಳಕ್ಕೆ ಬಂದಿದೆ" ಎಂದು ಘೋಷಿಸಿದೆ.

ಅಲ್ಲಿಂದ ಬಾಜೂ ಮನೆಗೆ ದಯಮಾಡಿಸಿದ ಸಾಹೇಬರು, ವಾದ್ಯದವರು ಬಾರಿಸುತ್ತಿದ್ದಂತೆ, ಸುಂದರವ್ವನ ಮೇನ್ ಸ್ವಿಚ್ಚಿನ ಹ್ಯಾಂಡಲ್ಲನ್ನು ಗಂಭೀರವಾಗಿ ಕೆಳಗೆಳೆದರು. ಗಿರಣಿ ನಿಂತಿತು. ಫ್ಯಾನು ನಿಂತಿತು. ನನ್ನ ಮೈಕೂ ಬಾಯಿ ಮುಚ್ಚಿತು. ಅಭಿಯಾನದ ಮೊದಲ ಯಶಸ್ಸು ಇದೇ ಇರಬೇಕೆಂದು ಸಭೆ ಜೋರಾಗಿ ಚಪ್ಪಾಳೆ ತಟ್ಟಿತು. ವೈಫೈ ಕೂಡ ಅದೇ ಕ್ಷಣಕ್ಕೆ ತೀರಿಕೊಂಡದ್ದು ಆಮೇಲೆ ತಿಳಿಯಿತು. ಪಂಚಾಯತಿಯ ವೈರಿಂಗನ್ನು ಇಲಿ ಕಡಿದಿದ್ದವು. ರಿಪೇರಿಗೆ ಮಂಜೂರಾತಿ ಬರುವತನಕ ಇರಲಿ ಅಂತ ಕಲ್ಮೇಶ ಸುಂದರವ್ವನ ಗೋಡೆ ದಾಟಿಸಿ ಒಂದು ವೈರು ಎಳೆದುಕೊಂಡಿದ್ದ. ಎಳೆದು ಬಹಳ ದಿನವಾಗಿದ್ದರಿಂದ ಅದು ಆತನಿಗೆ ಮರೆತೇಹೋಗಿತ್ತು.

ಸಾಹೇಬರ ಕಾರು ಮರೆಯಾದ ಮೇಲೆ ಸುಂದರವ್ವ ಹ್ಯಾಂಡಲ್ ಎತ್ತಲು ಹೋದಳು. ಅಷ್ಟರಲ್ಲಿ ಅದರ ಮೇಲ್ಗಡೆ ಗೋಡೆಗೆ ಕರಿ ಕಲ್ಲಿನ ಫಲಕ ಕೂತಿತ್ತು: 'ಈ ಸ್ವಿಚ್ಚನ್ನು ಶ್ರೀ ಅನೀಲಕುಮಾರ ಸಾಹೇಬರು ತಮ್ಮ ಅಮೃತ ಹಸ್ತದಿಂದ ಆರಿಸಿದರು.'

"ಅಯ್ಯಯ್ಯ ಅಕ್ಕಾರ, ಕೈ ಹಚ್ಚಬ್ಯಾಡ್ರಿ!" ಕಲ್ಮೇಶ ಓಡಿ ಬಂದ. "ಉದ್ಘಾಟನೆ ಆದದ್ದನ್ನ ಹಂಗ ತಿರುವಾಕ ಬರೂದಿಲ್ರಿ."

"ನೀನ ಹೇಳಿದ್ಯಲ್ಲೋ, ಒಂದ್ ನಿಮಿಷ ಅಂತ?"

"ಆರಸಾಕ ಒಂದ್ ನಿಮಿಷರಿ. ಅದೇನ ಸುಳ್ಳ ಹೇಳೀನೇನು?"

ಕಲ್ಮೇಶನದೇನೂ ತಪ್ಪಿಲ್ಲ. ನಮ್ಮ ಕಡೆ ಉದ್ಘಾಟನೆ ಎಂದರೆ ಕನ್ಯಾದಾನ ಇದ್ದಂತೆ, ಧಾರೆ ಎರೆದ ಮೇಲೆ ಮುಗಿಯಿತು. ನಮ್ಮೂರ ಬಸ್ ತಂಗುದಾಣದ ನಡುಮಧ್ಯೆ ಇಂದಿಗೂ ಒಂದು ಕುರ್ಚಿ ಇದೆ. ಉದ್ಘಾಟನೆಯ ದಿನ ಗಣ್ಯರು ಕೂತು ಎದ್ದ ಕುರ್ಚಿ. ಎತ್ತಿಡುವ ಅಧಿಕಾರ ಯಾರಿಗಿದೆ? ಜನ ಸುತ್ತು ಹಾಕಿ ಹೋಗಿ ಮೂಲೆಯಲ್ಲಿ ನಿಲ್ಲುತ್ತಾರೆ.

ಹ್ಯಾಂಡಲ್ ಎತ್ತಲು ಅನುಮತಿ ಕೇಳಬಹುದು, ದಾರಿ ಇದೆ. ಆದರೆ ಅರ್ಜಿಯನ್ನು ಆಯಾ ಊರಿನ ವೈಫೈಯಿಂದಲೇ ಹಾಕಬೇಕು. ಆಯಾ ಊರಿನ ವೈಫೈ ಹ್ಯಾಂಡಲ್ ಎತ್ತಿದರೆ ಬರುತ್ತದೆ. ಸುಂದರವ್ವ ದಿನ್ನೆ ಹತ್ತಿ ಫೋನಿನಿಂದ ಹಾಕಿಸಿ ನೋಡಿದಳು. 'ತಾವು ತಮ್ಮ ಊರಿನಲ್ಲಿ ಇಲ್ಲ' ಎಂದು ಉತ್ತರ ಬಂತು. "ಊರಾಗ ಇದ್ರ ನೀ ಮಾತಾಡೂದಿಲ್ಲ, ಊರ ಬಿಟ್ಟ ಬಂದ್ರ ನಾ ಯಾರಂತ ಕೇಳ್ತಿ," ಎಂದು ಆಕೆ ಫೋನಿಗೇ ಬೈದು ಇಳಿದು ಬಂದಳು.

ಊರಿನವರು ಜೋಳದ ಬುಟ್ಟಿಗಳನ್ನು ಹೊರ್ತಿಯ ಗಿರಣಿಗೆ ಕಳಿಸತೊಡಗಿದರು. ಸುಂದರವ್ವ ಕಟ್ಟೆಯ ಮೇಲೆ ಕೂತು ಹೋಗುವ ಬುಟ್ಟಿಗಳನ್ನು ನೋಡುತ್ತಿದ್ದಳು. ಕತ್ತಲೆ ಪಡಸಾಲೆಯಿಂದ ಸಿದ್ದವ್ವಜ್ಜಿ ಕೇಳಿದಳು, "ಏ ಸುಂದ್ರಾ, ಇದು ಉಳಿತಾಯೋ, ಉಪವಾಸೋ?"

ತಿಂಗಳ ಕೊನೆಗೆ ಫಲಿತಾಂಶ ಬಂತು. ಕರಿಬಂಟನಾಳದ ಉಳಿತಾಯ ನೂರಕ್ಕೆ ನೂರು! ನಾಲ್ಕು ತಾಲೂಕಿಗೇ ಪ್ರಥಮ. ಕಲ್ಮೇಶನಿಗೆ ಶಾಲು ಹೊದಿಸಿದರು. ಮುದ್ದೇಬಿಹಾಳದ ಕಡೆಯಿಂದ ಒಂದು ಅಧ್ಯಯನ ತಂಡ ಬಂದು ಸುಂದರವ್ವನ ಕತ್ತಲೆಯನ್ನು ಟಾರ್ಚ್ ಹಾಕಿ ವೀಕ್ಷಿಸಿ, ತೃಪ್ತಿ ವ್ಯಕ್ತಪಡಿಸಿತು.

ಮುಂದಿನ ತಿಂಗಳು ಎಡವಟ್ಟಾಯಿತು. ಅಭಿಯಾನದಲ್ಲಿ ಉಳಿತಾಯ ಎಂದರೆ ಹಿಂದಿನ ತಿಂಗಳಿಗಿಂತ ಎಷ್ಟು ಕಡಿಮೆ ಉರಿಸಿದಿರಿ ಎಂಬುದು. ಹಿಂದಿನ ತಿಂಗಳು ಉರಿಸಿದ್ದು ಸೊನ್ನೆ, ಈ ತಿಂಗಳೂ ಸೊನ್ನೆ, ಆದ್ದರಿಂದ ಉಳಿಸಿದ್ದೂ ಸೊನ್ನೆ. ಪ್ರಥಮ ಸ್ಥಾನದಲ್ಲಿದ್ದ ಕರಿಬಂಟನಾಳ ಕಟ್ಟಕಡೆಗೆ ಬಂದು ಬಿತ್ತು. 'ಉಳಿತಾಯದಲ್ಲಿ ತೀವ್ರ ನಿರ್ಲಕ್ಷ್ಯ' ಎಂದು ಕಲ್ಮೇಶನಿಗೆ ಕಾರಣ ಕೇಳಿ ನೋಟಿಸು ಬಂತು. ಅದರ ಬೆನ್ನಿಗೇ ಸಾಹೇಬರು ಬೆವರು ಒರೆಸುತ್ತ ಬಂದರು.

"ಏನಮ್ಮಾ, ಈ ತಿಂಗಳ ಏನೂ ಉಳಿಸೇ ಇಲ್ಲಲ್ಲ?"

"ಉಳಸಾಕ ಏನ್ ಉಳದೈತ್ರಿ ಸಾಹೇಬ್ರ?" ಸುಂದರವ್ವನ ದನಿ ಏರಿತು. "ಗಿರಣಿ ನಿಂತ್ರ ನನ್ನ ಒಲಿ ನಿಂತಂಗರಿ. ಮಗಳ ಕಾಲೇಜ ಬಿಡಸೂ ಹೊತ್ತ ಬಂದೈತಿ. ಆ ಹ್ಯಾಂಡಲ್ ಅಷ್ಟ ಎತ್ತಿ ಕೊಡ್ರಿ, ನಿಮಗ ಕೈ ಮುಗೀತೇನಿ."

ಸಾಹೇಬರು ಬಹಳ ಹೊತ್ತು ಫಲಕವನ್ನೇ ನೋಡಿದರು. ಆಮೇಲೆ ಅವರ ಮುಖ ಅರಳಿತು. "ಖರೇ ಐತಿ. ಖರ್ಚ ಮಾಡ್ಲಾರದ ಉಳಿತಾಯ ಹ್ಯಾಂಗ ಮಾಡಾಕ ಬರ್ತೈತಿ? ಕಲ್ಮೇಶ, ಬರಕೋರಿ."

ಹೀಗೆ ಹೊರಬಿದ್ದ ಸುತ್ತೋಲೆಯನ್ನು ಊರಿಗೆ ಓದಿ ಹೇಳಿದವನೂ ನಾನೇ. 'ಇನ್ನು ಮುಂದೆ ಕರಿಬಂಟನಾಳದಲ್ಲಿ ಒಂದು ತಿಂಗಳು ಖರ್ಚಿನ ತಿಂಗಳು, ಮರು ತಿಂಗಳು ಉಳಿತಾಯದ ತಿಂಗಳು. ಖರ್ಚಿನ ತಿಂಗಳಲ್ಲಿ ಮಾದರಿ ಮನೆಯು ಧಾರಾಳವಾಗಿ ವಿದ್ಯುತ್ ಉರಿಸಿ ಮುಂದಿನ ಉಳಿತಾಯಕ್ಕೆ ಅನುವು ಮಾಡಿಕೊಡತಕ್ಕದ್ದು. ಉಳಿತಾಯದ ತಿಂಗಳಲ್ಲಿ ವೈಫೈ ಇರುವುದಿಲ್ಲವಾದ್ದರಿಂದ ಆ ತಿಂಗಳ ವರದಿಯನ್ನು ಖರ್ಚಿನ ತಿಂಗಳಲ್ಲೇ ಮುಂಚಿತವಾಗಿ ಕಳಿಸತಕ್ಕದ್ದು. ಖರ್ಚಿನ ಗುರಿ ಮುಟ್ಟದ ಪಕ್ಷದಲ್ಲಿ ಹ್ಯಾಂಡಲ್ಲನ್ನು ಮತ್ತೆ ಎತ್ತಲಾಗುವುದಿಲ್ಲ.'

ಮತ್ತೆ ಶಾಮಿಯಾನ, ಮತ್ತೆ ಉಪ್ಪಿಟ್ಟು. ಸಾಹೇಬರು ಹ್ಯಾಂಡಲ್ಲನ್ನು ಮೇಲೆತ್ತಿದರು. ಮೊದಲಿನ ಫಲಕದ ಪಕ್ಕಕ್ಕೆ ಎರಡನೆಯದು ಬಂತು, 'ಹೊತ್ತಿಸಿದರು' ಎಂದು. ಗಿರಣಿ ಗುರ್ರ್ ಎಂದಾಗ ಸುಂದರವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆ ಕಡೆ ವೈಫೈಯೂ ಎದ್ದು ಕೂತು ಯುಗಾದಿಯ ಶುಭಾಶಯಗಳನ್ನು ಹಂಚಿತು.

ತಿಂಗಳ ನಡುವೆ ಕಲ್ಮೇಶ ಮೀಟರು ನೋಡಿ ಹೌಹಾರಿದ. ಗಿರಣಿ ಹಗಲೆಲ್ಲ ತಿರುಗಿದರೂ ಖರ್ಚಿನ ಗುರಿ ಮುಟ್ಟುವ ಹಾಗಿರಲಿಲ್ಲ. ತನಿಖೆ ನಡೆಸಿದಾಗ ಕಾರಣ ಸಿಕ್ಕಿತು. ಸುಂದರವ್ವ ಆಜ್ಞೆಯಂತೆ ಮನೆಯ ಲೈಟು, ಫ್ಯಾನುಗಳನ್ನೆಲ್ಲ ಹಾಕಿ ಗಿರಣಿಗೆ ಹೋಗುತ್ತಿದ್ದಳು. ಸಿದ್ದವ್ವಜ್ಜಿ ಕೋಲೂರಿಕೊಂಡು ಬಂದು ಒಂದೊಂದನ್ನೇ ಆರಿಸುತ್ತಿದ್ದಳು.

ಅಜ್ಜಿಗೆ ನೋಟಿಸು ಬಂತು. ಓದಲು ಬಾರದ ಆಕೆಗೆ ಕಲ್ಮೇಶನೇ ಎದುರಿಗೆ ಕೂತು ಓದಿ ಹೇಳಿದ. "ಖರ್ಚಿನ ತಿಂಗಳದಾಗ ನೀವು ಅನಧಿಕೃತವಾಗಿ ಉಳಿತಾಯ ಮಾಡೀರಿ ಅಂತ ಗಮನಕ್ಕ ಬಂದೈತಿ, ಯಮ್ಮಾ. ಹಿಂಗ ಆರಿಸ್ಕೋತ ಹೋದ್ರ ಉಳಿತಾಯ ಹಾಳಾಗ್ತೈತ್ರಿ."

"ಆರಿಸಿದ್ರ ಉಳಿತಾಯ ಹಾಳಾಗ್ತೈತಿ?" ಅಜ್ಜಿ ಕಿವಿಗೆ ಕೈ ಹಚ್ಚಿ ಮತ್ತೊಮ್ಮೆ ಕೇಳಿದಳು. "ಏ ಹುಡುಗಾ, ನೀ ಉಂಡ್ ಬಂದೀಯಿಲ್ಲೋ?"

"ಅತ್ತಿ, ನಿಮ್ಮ ಕಾಲ ಬೀಳ್ತೇನಿ," ಎಂದಳು ಸುಂದರವ್ವ. ಆಕೆಯ ಕೈ, ಹುಬ್ಬು, ತಲೆ ಎಲ್ಲ ಹಿಟ್ಟಾಗಿತ್ತು. "ಈ ತಿಂಗಳ ಉರೀಲಿ ಬಿಡ್ರಿ. ಗುರಿ ಮುಟ್ಲಿಲ್ಲಂದ್ರ ಅವರು ಹ್ಯಾಂಡಲ್ ಮತ್ತ ಎತ್ತೂದಿಲ್ಲ. ಗಿರಣಿ ಕೈ ಬಿಟ್ಟ ಹೋಗ್ತೈತ್ರಿ."

ಅಜ್ಜಿ ಸೊಸೆಯ ಮುಖವನ್ನು ನೋಡಿದಳು. ಕೋಲೂರಿ ಎದ್ದು, ತಾನು ಆರಿಸಿದ್ದ ದೀಪಗಳನ್ನೆಲ್ಲ ತಾನೇ ಹಾಕುತ್ತ ಬಂದಳು. ಅಡುಗೆಮನೆಯದು, ದೇವರ ಕೋಣೆಯದು, ಕಡೆಗೆ ಪಡಸಾಲೆಯದು. ಹೊರಗೆ ಇಂಡಿಯ ಬಿಸಿಲು ಹಂಚು ಕಾದಂತೆ ಕಾಯುತ್ತಿತ್ತು. ಅಷ್ಟು ಬೆಳಕಿನಲ್ಲಿ ನಿದ್ದೆ ಬರಲಾರದೆಂದು ಅಜ್ಜಿ ಮುಖದ ಮೇಲೆ ಸೆರಗು ಹೊದ್ದು ಮಲಗಿದಳು. ಕಲ್ಮೇಶ ಫೋಟೋ ತೆಗೆದು ವೈಫೈಯಲ್ಲಿ ಕಳಿಸಿದ. ಸ್ವಲ್ಪ ಹೊತ್ತಿಗೇ ಮೇಲಿನಿಂದ ಅಭಿನಂದನೆ ಬಂತು, 'ಮಾದರಿ ಗ್ರಾಹಕಿ' ಎಂದು. ನಾನು ಅದನ್ನು ಗಟ್ಟಿಯಾಗಿ ಓದಿದೆ, ಎಲ್ಲರೂ ಚಪ್ಪಾಳೆ ತಟ್ಟಿದರು.

ಈಗ ಊರು ಹೊಂದಿಕೊಂಡಿದೆ. ಮದುವೆ, ಸೀಮಂತ, ಮೊಬೈಲ್ ಮಾತುಕತೆ ಎಲ್ಲವೂ ಖರ್ಚಿನ ತಿಂಗಳಲ್ಲಿ. ಎರಡು ತಿಂಗಳ ಜೋಳವನ್ನು ಒಟ್ಟಿಗೇ ಬೀಸಿಸುವುದರಿಂದ ಹಿಟ್ಟಿನ ಜಿಗಿ ಹೋಗಿ ರೊಟ್ಟಿ ಬಡಿಯುವಾಗಲೇ ಹರಿಯುತ್ತದೆ. ಹರಿದ ರೊಟ್ಟಿಯನ್ನು ನಾವು ಉಳಿತಾಯದ ರೊಟ್ಟಿ ಎನ್ನುತ್ತೇವೆ. ಬಂದ ಬೀಗರೂ ಏನೂ ಅನ್ನುವುದಿಲ್ಲ, ಅವರ ಊರಿಗೂ ಸುತ್ತೋಲೆ ಬಂದಿದೆಯಂತೆ.

ನಿನ್ನೆ ಖರ್ಚಿನ ತಿಂಗಳ ಕಡೆಯ ದಿನ. ಬುಟ್ಟಿ ಇಟ್ಟು ಸಾಲಿನಲ್ಲಿ ಕೂತಿದ್ದೆ. ಪಡಸಾಲೆಯಲ್ಲಿ ಸಿದ್ದವ್ವಜ್ಜಿ ಸೊಸೆ ಕೊಟ್ಟ ಚಹಾ ಕುಡಿದು ಏಳುವಾಗ ಆಕೆಯ ಕೈ ತಾನಾಗಿಯೇ ಗೋಡೆಯ ಸ್ವಿಚ್ಚಿನ ಕಡೆ ಹೋಯಿತು. ಸುಂದರವ್ವ ಹಿಟ್ಟಿನ ಕೈಯಿಂದಲೇ ಆ ಕೈಯನ್ನು ಮೆತ್ತಗೆ ಹಿಡಿದು ಕೆಳಗಿಳಿಸಿದಳು.

"ಇವತ್ತೊಂದಿನ ತಡೀರಿ ಅತ್ತಿ," ಎಂದಳು. "ನಾಳಿ ಸಾಹೇಬ್ರು ಬಂದು ಆರಸ್ತಾರ."

ಸಾಲಿನಲ್ಲಿದ್ದ ನಾವೆಲ್ಲ ಹೌದ್ಹೌದೆಂದು ಗೋಣು ಹಾಕಿ, ಬುಟ್ಟಿಗಳನ್ನು ಒಂದೊಂದು ಗೇಣು ಮುಂದೆ ಸರಿಸಿದೆವು.