ಗೋಣಿಯೊಳಗಿನ ಅಜ್ಜಿ

ಗುಟ್ಟು ಕಾಪಾಡುವುದರಲ್ಲಿ ನನ್ನನ್ನು ಮೀರಿಸುವವರು ಇಡೀ ಕೊಯಮತ್ತೂರಿನಲ್ಲಿ ಇಲ್ಲವೆಂದು ಎಂಬತ್ತರ ದಶಕದಲ್ಲಿ ನಾನು ದೃಢವಾಗಿ ನಂಬಿದ್ದೆ. ಆಗ ಕುರಿಚಿಯ ಒಂದು ಫೌಂಡ್ರಿಯಲ್ಲಿ ಸೂಪರ್‌ವೈಸರ್ ಆಗಿದ್ದೆ. ಸೈನ್ಯಕ್ಕೆಂದು ಯಾವುದೋ ಎರಕದ ಭಾಗದ ಮಾದರಿ ಮಾಡಿಕೊಡುವ ಕೆಲಸ ಬಂತು. ಅದರ ಆಕಾರ ಹೊರಗಿನವರ ಕಣ್ಣಿಗೆ ಬಿದ್ದರೆ ಆರ್ಡರ್ ರದ್ದು. ಆರ್ಡರ್ ಹೋದರೆ ನಾನೂ ಹೋದಂತೆಯೇ ಎಂದು ಫೌಂಡ್ರಿಯ ಒಡೆಯರಾದ ಮುದಲಾಳಿ ನಗುತ್ತಲೇ ಹೇಳಿದರು.

ನಾನು ಎರಡು ಬೀಗ ಹಾಕಿದೆ. ಒಂದು, ಆ ಭಾಗಕ್ಕೆ 'ಅಜ್ಜಿ' ಎಂಬ ಗುಟ್ಟಿನ ಹೆಸರು. ಎರಡು, ಅಜ್ಜಿಯ ಮಾತೆಲ್ಲ ಕನ್ನಡದಲ್ಲೇ. ಬೀದಿಯೆಲ್ಲ ತಮಿಳು, ಕನ್ನಡವೋ ನಮ್ಮ ಮನೆಯೊಳಗಿನದು. ಇದಕ್ಕಿಂತ ಭದ್ರವಾದ ತಿಜೋರಿ ಉಂಟೆ!

"ಮನೇಲಿ ನಿಜವಾದ ಅಜ್ಜಿ ಇರುವಾಗ ಯಾಕೆ ಈ ವಂಬು, ಇಲ್ಲದ ತಂಟೆ?" ಎಂದು ಹೆಂಡತಿ ಸರೋಜಾ ಗೊಣಗಿದಳು. ಹೆಂಡತಿ ಹೊರಗಿನವಳಲ್ಲವೆಂದು ಅವಳಿಗೆ ಮಾತ್ರ ಹೇಳಿದ್ದೆ.

ಎರಕ ಮುಗಿದು, ಅಂಚಿನ ಹೆಚ್ಚುವರಿ ಲೋಹ ಕೊಯ್ಸಿಯಾದ ಮೇಲೆ ಒಂದು ಸಂಜೆ ಇಬ್ಬರೂ ಬಸ್ಸಿನಲ್ಲಿ ಬರುತ್ತಿದ್ದೆವು.

"ಅಜ್ಜಿ ಕಥೆ ಏನಾಯ್ತು?" ಎಂದಳು ಸರೋಜಾ.

"ನಿನ್ನೆಯೆಲ್ಲಾ ಕೆಂಡದಂಗೆ ಸುಡ್ತಿದ್ಲು. ಈಗ ತಣ್ಣಗಾದ್ಲು. ಚಾಚ್ಕೊಂಡಿದ್ದನ್ನೆಲ್ಲಾ ಕೊಯ್ಸಿ ಗೋಣೀಲಿ ಕಟ್ಟಿದೀನಿ. ನಾಳೆ ಪೋತ್ತನೂರಲ್ಲಿ ರೈಲಿಗೆ ಹಾಕಿಬಿಟ್ರೆ ಪೀಡೆ ಕಳೀತು."

"ಯಾರೂ ನೋಡ್ಲಿಲ್ಲ ತಾನೇ?"

"ಒಂದು ನರಪಿಳ್ಳೆಗೂ ಗೊತ್ತಿಲ್ಲ!"

ಮುಂದಿನ ಸೀಟಿನ ಮುದುಕಿ ನಿಧಾನವಾಗಿ ತಿರುಗಿ, ರೆಪ್ಪೆ ಬಡಿಯದೆ ನನ್ನನ್ನೇ ನೋಡಿದಳು. ಅಕ್ಕಪಕ್ಕದವರು ಒಬ್ಬೊಬ್ಬರಾಗಿ ಎದ್ದು ಮುಂದಕ್ಕೆ ಹೋದರು. ಕಂಡಕ್ಟರ್ ನಮ್ಮ ಹತ್ತಿರ ಬರಲೇ ಇಲ್ಲ. ಗೂಢಚಾರರಿರಬಹುದೆ? ಇದ್ದರೇನು, ಕನ್ನಡ ಬರಬೇಕಲ್ಲ!

ಮರುದಿನ ಬೆಳಗಿನ ಮಬ್ಬಿನಲ್ಲಿ ಗೋಣಿಯನ್ನು ಕೈಗಾಡಿಯಲ್ಲಿ ತಳ್ಳಿಸಿಕೊಂಡು ಪೋತ್ತನೂರು ಸ್ಟೇಷನ್ನಿಗೆ ಹೋದೆ. ಪ್ಲಾಟ್‌ಫಾರ್ಮಿನಲ್ಲಿ ಕಾಗೆಯೂ ಕೂಗುತ್ತಿರಲಿಲ್ಲ. ಕೂಲಿಯವನು ಗೋಣಿಯನ್ನು ಮುಟ್ಟಲು ಬಂದವನು ಹಾಗೇ ಹಿಂದೆ ಸರಿದ. ಬಗ್ಗಿ ನೋಡಿದೆ. ತುಕ್ಕು ಹಿಡಿಯದಿರಲೆಂದು ಅವಸರದಲ್ಲಿ ಬಳಿಸಿದ್ದ ಕೆಂಪು ಬಣ್ಣ ಒಣಗಿರಲಿಲ್ಲ. ಗೋಣಿಯಿಂದ ತೊಟ್ಟು ತೊಟ್ಟಾಗಿ ಇಳಿಯುತ್ತಿತ್ತು. ಒಳಗೇನಿದೆಯೆಂದು ಬಲ್ಲ ನನಗೇ ಮೈ ಜುಮ್ಮೆಂದಿತು!

"ಒಳಗಿರೋದು ಅಜ್ಜೀನಾ?"

ಕಿವಿಯ ಹಿಂದೆಯೇ, ತಣ್ಣನೆಯ ದನಿಯಲ್ಲಿ, ಅಚ್ಚ ಕನ್ನಡ! ತಿರುಗಿದರೆ ಪೊಲೀಸ್ ಇನ್‌ಸ್ಪೆಕ್ಟರ್. ಅವರ ಬೆನ್ನ ಹಿಂದೆ ಬಸ್ಸಿನ ಮುದುಕಿ ನನ್ನತ್ತ ಬೆರಳು ತೋರಿಸುತ್ತ ನಿಂತಿದ್ದಳು.

"ದೇಶದ ರಹಸ್ಯ ಸಾರ್, ಬಿಚ್ಚಬಾರದು!"

"ಅಜ್ಜೀನ ಕೊಯ್ದು ಮೂಟೆ ಕಟ್ಟಿ ದೇಶ ಅಂತೀಯಾ? ಬಿಚ್ಚಯ್ಯಾ!"

ಬಿಚ್ಚಿದರು. ಸೈನ್ಯದ ರಹಸ್ಯ ಎಲ್ಲರೆದುರೇ ಬೆತ್ತಲಾಯಿತು. ಕೂಲಿಗಳು, ಹೂ ಮಾರುವವಳು, ಟೀ ಅಂಗಡಿಯವನು, ಎಲ್ಲರೂ ಬಗ್ಗಿ ಬಗ್ಗಿ ನೋಡಿದರು.

"ಅಯ್ಯೋ, ಬರೀ ಇರುಂಬು!" ಕಬ್ಬಿಣ ಕಂಡು ಮುದುಕಿಗೆ ಭಾರಿ ನಿರಾಸೆ.

"ಈ ತೂತು ಯಾಕೆ?" ಎಂದಳು ಹೂ ಮಾರುವವಳು.

"ಗುಂಡು ಇಡಕ್ಕೆ ಇರ್ಬೇಕು," ಎಂದ ಟೀ ಅಂಗಡಿಯವನು.

ಎಲ್ಲವೂ ಕನ್ನಡದಲ್ಲಿ! ಕನ್ನಡ ನಮ್ಮ ಮನೆಯೊಳಗೆ ಮಾತ್ರ ಅಂದುಕೊಂಡಿದ್ದೆ. ಅವರೂ ತಂತಮ್ಮ ಮನೆಯ ಬಗ್ಗೆ ಹಾಗೇ ಅಂದುಕೊಂಡಿದ್ದರಂತೆ.

ಇಡೀ ಪೋತ್ತನೂರೇ ನೋಡಿದ ಮೇಲೆ ಅದು ಸೈನ್ಯಕ್ಕೆ ಬೇಡವಾಯಿತು, ಕರಗಿಸಿಬಿಡಿ ಎಂದರು. ಮುದಲಾಳಿ ಬಯ್ಯಲಿಲ್ಲ. ಸುಮ್ಮನೆ ಕುಲುಮೆಯತ್ತ ಕೈ ತೋರಿಸಿದರು. ಅಜ್ಜಿಯನ್ನು ನಾನೇ ಬೆಂಕಿಗೆ ತಳ್ಳಿದೆ. ನಿಜವಾಗಿಯೂ ಅಳು ಬಂತು. ಆರ್ಡರಿನ ಜೊತೆಗೆ ಕೆಲಸವೂ ಹೋಯಿತು.

ಮನೆಗೆ ಬಂದರೆ ಜಗಲಿಯ ತುಂಬ ಹೆಂಗಸರು. ನಡುವೆ ನಮ್ಮ ಅಜ್ಜಿ ಎಲೆಯಡಿಕೆ ಮೆಲ್ಲುತ್ತ ಕೂತಿದ್ದಳು.

"ಬಾಪ್ಪಾ," ಎಂದಳು. "ನಾನು ಸತ್ತಿದ್ದು ಊರಿಗೆಲ್ಲಾ ಗೊತ್ತು. ನನಗೊಬ್ಬಳಿಗೇ ನೀನು ಹೇಳಿರಲಿಲ್ಲ!"

ಅಂತೂ ಒಬ್ಬರಿಂದಲಾದರೂ ಗುಟ್ಟು ಕಾಪಾಡಿದ್ದೆ!